ಮಿಸ್ತ್ರಿಯನ್ನು ಕರೆಯುವ ಮೊದಲು ಟಾಕಿಯ ಮುಚ್ಚಳ ನೋಡಿರಿ



ಉತ್ತರಿ ಮಳೆ ಬಿದ್ದು ಎರೆಹೊಲ ಹದಕ್ಕೆ ಬಂದಿರುವದು. ಬಿಳಿಜೋಳದ ಬೀಜ ಮನೆಯಲ್ಲಿ ಸಿದ್ಧವಿರುವದು. ಅಂಥ ಹೊತ್ತಿನಲ್ಲಿ ಹಳೆಯ ಟ್ರ್ಯಾಕ್ಟರು ಹೊಲದ ನಡುವೆ ಫಕ್ಕನೆ ನಿಂತುಬಿಟ್ಟರೆ ಒಕ್ಕಲಿಗನ ಎದೆ ಒಡೆಯುವದು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಸೀಮೆಯಲ್ಲಿ ನೀರಿಲ್ಲದ ಹೊಲಗಳ ಹಿಂಗಾರಿ ಪೀಕೆಲ್ಲ ನೆಲದೊಳಗಿನ ಹಸಿಯ ಮೇಲೆಯೇ ನಿಂತದ್ದು. ಬಿಸಿಲಿಗೆ ಮೇಲ್ಮಣ್ಣು ಆರಿತೆಂದರೆ ಬೀಜ ಅರೆಬರೆ ನಾಟುವದು. ಆದುದರಿಂದ ನಿಂತ ಯಂತ್ರದ ಮಾತು ಬರಿಯ ಯಂತ್ರದ ಮಾತಲ್ಲ, ವರ್ಷದ ಕಾಳಿನ ಮಾತು.

ನನಗಾದದ್ದನ್ನೇ ಹೇಳುವೆ. ಬಿತ್ತನೆಯ ದಿನ ನನ್ನ ಹಳೆಯ ಗಾಡಿ ಅರ್ಧ ತಾಸು ನಡೆದು, ಕೆಮ್ಮಿದಂತೆ ಮಾಡಿ ನಿಂತಿತು. ಬ್ಯಾಟರಿ ಸೋಲುವ ತನಕ ಸೆಲ್ಫ್ ಒತ್ತಿದೆ. ಆಮೇಲೆ ಮಿಸ್ತ್ರಿಯನ್ನು ಕರೆಸಿದೆ. ಅವನು ಡೀಸೆಲ್ ಪಂಪನ್ನೇ ಬಿಚ್ಚಿಕೊಂಡು ಸೊಲ್ಲಾಪುರಕ್ಕೆ ಹೋದ. ಎರಡು ದಿನ ಕಳೆದು ಪಂಪು ಬಂತು, ಹಣ ಕೊಟ್ಟೆ, ಗಾಡಿ ಹೊರಟಿತು. ಅರ್ಧ ತಾಸಿಗೆ ಮತ್ತೆ ನಿಂತಿತು! ಆಗ ಪಕ್ಕದ ಹೊಲದ ಮುದುಕ ಕಾಕಾ ಬದುವಿನ ಮೇಲೆ ಬಂದು ಕೇಳಿದರು: “ಟಾಕಿ ಮುಚ್ಚಳ ಬಿಚ್ಚಿ ನೋಡೀಯೇನೋ ತಮ್ಮಾ?” ಮುಚ್ಚಳ ತಿರುವಿದಾಗ ಟಾಕಿಯು ಸುಂಯ್ ಎಂದು ಗಾಳಿ ಎಳೆದುಕೊಂಡಿತು. ಮುಚ್ಚಳದೊಳಗಿನ ಸೂಜಿಯಂಥ ತೂತು ಮಣ್ಣು ಕಟ್ಟಿ ಮುಚ್ಚಿತ್ತು. ಗಾಳಿ ಒಳಗೆ ಹೋಗದೆ ಡೀಸೆಲ್ ಕೆಳಗೆ ಇಳಿಯುತ್ತಿರಲಿಲ್ಲ. ತೂತು ಬಿಡಿಸಿ, ಕೈಪಂಪು ನಾಲ್ಕು ಸಲ ಒತ್ತಿದ ಮೇಲೆ ಗಾಡಿ ಹೊರಟಿತು. ಆದರೆ ಎರಡು ದಿನದ ಹಸಿ ಹೋಗಿತ್ತು. ಮಿಸ್ತ್ರಿಯ ತಪ್ಪಿಗಿಂತ ನನ್ನ ತಪ್ಪೇ ದೊಡ್ಡದು. ನೋಡುವ ಕಣ್ಣು ನನಗೂ ಇದ್ದವು.

ಕಟ್ಟಿದ ಎತ್ತು ನೊಗದಲ್ಲಿ ನಿಂತುಬಿಟ್ಟರೆ ನಾವು ಒಮ್ಮೆಲೆ ದನದ ಡಾಕ್ಟರರ ಕಡೆಗೆ ಓಡುವದಿಲ್ಲ. ಗೊರಸು ನೋಡುತ್ತೇವೆ, ಹೊಟ್ಟೆ ನೋಡುತ್ತೇವೆ, ನೀರು ಕುಡಿದಿದೆಯೋ ಎಂದು ಕೇಳುತ್ತೇವೆ. ಯಂತ್ರ ನಿಂತಾಗ ಮಾತ್ರ ಕೈಕಟ್ಟಿ ಕೂಡುವದೇಕೆ? 1959ರಲ್ಲಿ ಫರೀದಾಬಾದಿನಲ್ಲಿ ಐಶರ್ ಟ್ರ್ಯಾಕ್ಟರು ತಯಾರಾಯಿತು, 1971ರಲ್ಲಿ ಎಚ್.ಎಂ.ಟಿ. ಝೀಟರ್, 1974ರಲ್ಲಿ ಸ್ವರಾಜ ಬಂದವು. ಅಂಥ ಹಳೆಯ ಗಾಡಿಗಳ ಇಂಜಿನ್ನಿನಲ್ಲಿ ಈಗಿನ ಹೊಸ ಗಾಡಿಗಳ ಕಂಪ್ಯೂಟರ್ ಪೆಟ್ಟಿಗೆ ಇಲ್ಲ. ಡೀಸೆಲ್ ಇಂಜಿನ್ನಿಗೆ ಕಿಡಿಯೂ ಬೇಡ. ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳುವದು. ಆದುದರಿಂದ ನಡೆಯುತ್ತಿದ್ದ ಹಳೆಯ ಗಾಡಿ ನಿಂತರೆ ಬ್ಯಾಟರಿಯನ್ನು ಬೈದು ಪ್ರಯೋಜನವಿಲ್ಲ. ಎಣ್ಣೆಯ ದಾರಿಯನ್ನೂ ಗಾಳಿಯ ದಾರಿಯನ್ನೂ ಮೊದಲು ಹುಡುಕಬೇಕು.

ಹೇಗೆ ನಿಂತಿತು ಎಂಬುದನ್ನು ಮೊದಲು ನೆನೆಯಿರಿ. ಬಿಸಿಯ ಮುಳ್ಳು ಮೇಲೇರಿ, ಇಂಜಿನ್ ಬಿಗಿದು ನಿಂತಿದ್ದರೆ ಸೆಲ್ಫ್ ಒತ್ತಲೇಬಾರದು. ಆರಲು ಬಿಡಿರಿ, ಇಂಜಿನ್ ಆಯಿಲ್ ಅಳೆಯಿರಿ, ಮಿಸ್ತ್ರಿಯನ್ನು ಕರೆಯಿರಿ. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಸುಟ್ಟೀತು.

ಕೆಮ್ಮುತ್ತ, ಬಲ ಕಳೆದುಕೊಳ್ಳುತ್ತ ನಿಂತಿದ್ದರೆ ಬಹುತರವಾಗಿ ಎಣ್ಣೆಯ ತೊಂದರೆ. ಟಾಕಿಯಲ್ಲಿ ಕಡ್ಡಿ ಇಳಿಸಿ ಡೀಸೆಲ್ ನೋಡಿರಿ; ಕಾಟಾ ತೋರಿಸುವದನ್ನು ನಂಬಬೇಡಿರಿ. ಮುಚ್ಚಳದ ತೂತು, ಟಾಕಿಯ ಕೆಳಗಿನ ನಳ ನೋಡಿರಿ. ಇಂಜಿನ್ ಬಂದ್ ಮಾಡುವ ತಂತಿ ಅರ್ಧಕ್ಕೆ ಸಿಕ್ಕಿಕೊಂಡಿದೆಯೋ ನೋಡಿರಿ. ಬಳಿಕ ಗಾಜಿನ ಬಟ್ಟಲು ಮತ್ತು ಫಿಲ್ಟರು. ನೀರು ಡೀಸೆಲಿಗಿಂತ ಭಾರ. ಅದು ತಳದಲ್ಲಿ ಕೂಡುವದು, ಅದನ್ನು ಬಸಿಯಿರಿ. ಟಾಕಿ ಒಮ್ಮೆ ಬರಿದಾಗಿದ್ದರೆ ಇಲ್ಲವೆ ಫಿಲ್ಟರು ಬಿಚ್ಚಿದ್ದರೆ ನಳಿಗೆಯಲ್ಲಿ ಗಾಳಿ ಸೇರುವದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರಿಯ ಡೀಸೆಲ್ ಬರುವ ತನಕ ಕೈಪಂಪು ಒತ್ತಿ, ಸ್ಕ್ರೂ ಬಿಗಿಯಿರಿ. ಪಂಪಿನ ಮೇಲಿನ ಸ್ಕ್ರೂವಿಗೂ ಹೀಗೆಯೇ ಮಾಡಿರಿ. ಗೇರು ತೆಗೆದು ಸೆಲ್ಫ್ ಹೊಡೆದಾಗ ಹೊಗೆ ಬರುತ್ತಿದ್ದರೆ ಎಣ್ಣೆ ಒಳಗೆ ಹೋಗುತ್ತಿದೆಯೆಂದು ತಿಳಿಯಿರಿ. ಆಗ ಏರ್ ಕ್ಲೀನರಿನಲ್ಲಿ ಧೂಳು ಕಟ್ಟಿದೆಯೇ ನೋಡಬೇಕು. ಹೊಗೆ ಏನೂ ಬಾರದಿದ್ದರೆ ಎಣ್ಣೆಯ ದಾರಿಯನ್ನೇ ಮತ್ತೆ ಹುಡುಕಬೇಕು.

ಇಷ್ಟಕ್ಕೆ ನಮ್ಮ ಕೆಲಸ ಮುಗಿಯಿತು. ಪಂಪಿನ ಹೊಟ್ಟೆಗೆ ಪಾನಾ ಹಚ್ಚಬೇಡಿರಿ. ಅದರೊಳಗಿನ ಉಕ್ಕಿನ ಬೆಣೆಗೂ ಕೊಳವೆಗೂ ನಡುವಿನ ಸಂದು ಕೂದಲಿನ ದಪ್ಪದ ಹತ್ತನೆಯ ಪಾಲಿನಷ್ಟೂ ಇಲ್ಲ. ಹೊಲದ ಧೂಳಿನ ಒಂದು ಕಣ ಸಾಕು, ಅದು ಕೆಟ್ಟಿತು. ಅದಕ್ಕೆ ಜಾರುಗೊಡುವದೂ ಡೀಸೆಲೇ. ಸೀಮೆಎಣ್ಣೆ ಬೆರೆಸಿ ದುಡ್ಡು ಉಳಿಸಹೋದರೆ ಪಂಪು ಸವೆಯುವದು. ನೋಝಲಿನಿಂದ ಹಾರುವ ಡೀಸೆಲಿಗೆ ಬೆರಳು ಒಡ್ಡಬೇಡಿರಿ. ಅದು ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಗಾಯ ಸಣ್ಣದಾಗಿ ಕಂಡರೂ ಕೂಡಲೆ ದವಾಖಾನೆಗೆ ಹೋಗಬೇಕು.

“ಯಂತ್ರ ಮುಟ್ಟುವದು ಮಿಸ್ತ್ರಿಯ ಕೆಲಸ, ನಮ್ಮದಲ್ಲ” ಎನ್ನುವವರಿದ್ದಾರೆ. ಬಿಚ್ಚುವದು ಅವನ ಕೆಲಸ ನಿಜ, ನೋಡುವದು ನಮ್ಮದು. ನೋಡಿದವನು “ಡೀಸೆಲ್ ಫಿಲ್ಟರಿನ ತನಕ ಬರುತ್ತದೆ, ಮುಂದೆ ಬರುವದಿಲ್ಲ” ಎಂದು ಹೇಳಬಲ್ಲನು. ಅಂಥ ರೈತನ ಮುಂದೆ ಒಳ್ಳೆಯ ಮಿಸ್ತ್ರಿಯ ಕೆಲಸ ಬೇಗ ಮುಗಿಯುವದು, ಕೆಟ್ಟ ಮಿಸ್ತ್ರಿಯ ಆಟ ನಡೆಯುವದಿಲ್ಲ.

ಕೊನೆಗೆ ಒಂದು ಸೂಚನೆ. ಗಾಡಿಯ ಸಂಗಡ ಬಂದ ಇಂಗ್ಲಿಷ್ ಪುಸ್ತಕ ಮನೆಯ ಗೂಡಿನಲ್ಲಿ ಧೂಳು ತಿನ್ನುತ್ತಿರುವದು. ನಡೆಸುವ ಹುಡುಗನಿಗೆ ಅದು ದಕ್ಕುವದಿಲ್ಲ. ನಮ್ಮ ಎಷ್ಟೋ ಹಳೆಯ ಗಾಡಿಗಳ ಪಂಪು ಬೆಂಗಳೂರಿನ ಮೈಕೋ ಕಾರಖಾನೆಯದು. 1951ರಲ್ಲಿ ಆರಂಭವಾದ ಆ ಕಂಪನಿಗೆ 2008ರಿಂದ ಬಾಷ್ ಎಂದು ಹೆಸರು. ಕನ್ನಡ ನೆಲದಲ್ಲಿ ತಯಾರಾದ ಪಂಪಿನ ಲಕ್ಷಣವನ್ನು ಕನ್ನಡದಲ್ಲಿ ಬರೆದಿಡಲು ಅಡ್ಡಿಯೇನು? ಟಾಕಿ, ಮುಚ್ಚಳ, ತಂತಿ, ಫಿಲ್ಟರು, ಗಾಳಿ ಎಂಬ ಐದು ಮಾತುಗಳನ್ನು ಇದೇ ಸಾಲಿನಲ್ಲಿ ದಪ್ಪ ಅಕ್ಷರದಿಂದ ಬರೆದು ಗಾಡಿಯ ಮೇಲೆ ಅಂಟಿಸಿರಿ. ಸಾಲೆಗೆ ಹೋಗುವ ಮಕ್ಕಳಿಂದಲೇ ಬರೆಯಿಸಿರಿ. ಪೆಟ್ಟಿಗೆಯಲ್ಲಿ ಎರಡು ಪಾನಾ, ಒಂದು ಹೊಸ ಫಿಲ್ಟರು, ಒಂದು ಸೂಜಿ ಇರಲಿ.

ಉತ್ತರಿ ಮಳೆ ಮಿಸ್ತ್ರಿಯ ದಾರಿ ಕಾಯುವದಿಲ್ಲ.