ಚಿಪ್ ಒಂದೇ, ಡಬ್ಬ ಮೂರು

ಅಜ್ಮಲ್ ಖಾನ್ ರಸ್ತೆಯಲ್ಲಿ ಸೀರೆ ಕೊಳ್ಳುವಾಗ ನಮ್ಮ ಮನೆಯ ಹೆಂಗಸರು ಸೆರಗು ಬಿಡಿಸಿ ನೋಡುತ್ತಾರೆ, ಅಂಚನ್ನು ಬೆರಳಿನಿಂದ ಉಜ್ಜುತ್ತಾರೆ, ನಾಲ್ಕು ಅಂಗಡಿ ಹತ್ತಿಳಿದ ಮೇಲೆಯೇ ಪರ್ಸು ತೆರೆಯುತ್ತಾರೆ. ಇದೇ ಕರೋಲ್ ಬಾಗಿನ ಗಂಡಸರಾದ ನಾವು ಮಕ್ಕಳ ಕಂಪ್ಯೂಟರಿಗೆ ಮದರ್‌ಬೋರ್ಡ್ ತರಲು ಹೋದರೆ, ಡಬ್ಬದ ಮೇಲಿನ ಅಕ್ಷರ ಓದಿ ಹಣ ಎಣಿಸಿಕೊಟ್ಟು ಬರುತ್ತೇವೆ. ಇದು ನಾಚಿಕೆಗೇಡು ಎನ್ನಲು ನಮಗೆ ಸಂಕೋಚವಿಲ್ಲ. ನಾವೂ ಆ ಹಳ್ಳಕ್ಕೆ ಬೀಳುವುದರಲ್ಲಿದ್ದೆವು.

ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿದರೆ ಆಟವಾಡಲು ಒಳ್ಳೆಯ ಕಂಪ್ಯೂಟರ್ ಕಟ್ಟಿಸಿಕೊಡುತ್ತೇವೆಂದು ಮಗನಿಗೆ ಮಾತು ಕೊಟ್ಟಿದ್ದೆವು. ಭಾನುವಾರ ನೆಹರೂ ಪ್ಲೇಸ್ ಮುಚ್ಚಿರುತ್ತದೆ. ಆದುದರಿಂದ ಶನಿವಾರವೇ ಮಂಡಿ ಹೌಸಿನಲ್ಲಿ ಮೆಟ್ರೋ ಬದಲಿಸಿ ಹೋದೆವು. ಪ್ರೊಸೆಸರ್ ಎಎಂಡಿ ಕಂಪನಿಯದೆಂದು ಮೊದಲೇ ನಿಶ್ಚಯವಾಗಿತ್ತು. ಅಂಗಡಿಯವನು ಅದಕ್ಕೊಪ್ಪುವ ಮೂರು ಬೋರ್ಡುಗಳನ್ನು ಮುಂದಿಟ್ಟ: ಬಿ650, ಬಿ850, ಎಕ್ಸ್870. ಮೊದಲನೆಯದಕ್ಕೂ ಕೊನೆಯದಕ್ಕೂ ಒಂಬತ್ತು ಸಾವಿರ ರೂಪಾಯಿ ಅಂತರ. "ದೊಡ್ಡದನ್ನೇ ಒಯ್ಯಿರಿ ಸಾಬ್, ಐದು ವರ್ಷ ಚಿಂತೆಯಿಲ್ಲ" ಎಂದು ಹಿಂದಿಯಲ್ಲಿ ಉಪದೇಶವಾಯಿತು. "ಅಪ್ಪಾ, ನನ್ನ ಸ್ನೇಹಿತರೆಲ್ಲ ಎಕ್ಸ್ ತಗೊಂಡಿದಾರೆ" ಎಂದು ಮಗ. ಒಂಬತ್ತು ಸಾವಿರವೆಂದರೆ ಗುಮಾಸ್ತರ ಮನೆಯಲ್ಲಿ ಬೇಸಿಗೆಗೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವ ಹಣ. ಮುಂದಿನ ವಾರ ಬರುತ್ತೇವೆಂದು ಎದ್ದು ಬಂದೆವು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ವಾರವಿಡೀ ತಯಾರಕರ ವಿವರಪಟ್ಟಿಗಳನ್ನು ಓದಿದೆವು. ಹಳೆಯ ಬಿ.ಎಸ್ಸಿ. ಅಷ್ಟಕ್ಕಾದರೂ ಬರಬೇಡವೇ? ಮೂರು ಹೆಸರಿನ ಬೋರ್ಡುಗಳಲ್ಲೂ ಕುಳಿತಿರುವುದು ಪ್ರೊಮಾಂಟರಿ 21 ಎಂಬ ಒಂದೇ ಚಿಪ್! 2022ರ ಎಕ್ಸ್670ರಲ್ಲಿ ಅಂಥವು ಎರಡಿದ್ದವು. 2024ರಲ್ಲಿ ಬಂದ, ಹೆಸರಿನಲ್ಲಿ ಹಿರಿದಾದ ಎಕ್ಸ್870ರಲ್ಲಿ ಒಂದೇ. ಅದರಲ್ಲಿ ಯುಎಸ್‌ಬಿ4 ಕಡ್ಡಾಯ, ಗ್ರಾಫಿಕ್ಸ್ ಕಾರ್ಡಿನ ಸ್ಲಾಟು ಪಿಸಿಐ ಎಕ್ಸ್‌ಪ್ರೆಸ್ 5ರದು. ಬಿ650ರಲ್ಲಿ ಸಾಮಾನ್ಯವಾಗಿ 4ರದು. ಆಟದ ವೇಗದಲ್ಲಿ ಈ ಭೇದ ಕಣ್ಣಿಗೆ ಕಾಣುವಂಥದಲ್ಲ. ಪ್ರೊಸೆಸರನ್ನು ನಿಗದಿಗಿಂತ ಜೋರಾಗಿ ಓಡಿಸುವ ಅನುಕೂಲವೂ ಮೂರರಲ್ಲೂ ಇದೆ. (ಇಂಟೆಲ್ ಕಡೆಯ ಬಿ760ರಲ್ಲಿ ಅದಿಲ್ಲ, ಝಡ್790ರಲ್ಲಿದೆ, ಅಲ್ಲಿ ಅಕ್ಷರಕ್ಕೆ ಕೊಂಚವಾದರೂ ಅರ್ಥವುಂಟು.) ದಿನವೂ ಹೊರಗಿನ ಡಿಸ್ಕಿಗೆ ದೊಡ್ಡ ದೊಡ್ಡ ವಿಡಿಯೋ ತುಂಬುವವರು ಎಕ್ಸ್ ಕೊಳ್ಳಲಿ, ನಮ್ಮ ತಕರಾರಿಲ್ಲ.

ಇನ್ನು ಐದು ವರ್ಷದ ಮಾತು. ನಾಳೆ ಯಾವ ಪ್ರೊಸೆಸರ್ ಕೂರುತ್ತದೆಂಬುದಕ್ಕೆ ಮೊದಲ ಆಧಾರ ಸಾಕೆಟ್ಟು, ಮೂರರದೂ ಎಎಂ5. ಅದರ ಹಿಂದಿನ ಎಎಂ4 ಸಾಕೆಟ್ಟಿನ, 2017ರಲ್ಲಿ ಕೊಂಡ ಎಷ್ಟೋ ಸಾಧಾರಣ ಬೋರ್ಡುಗಳು ಬಯೋಸ್ ಬದಲಿಸಿದ ಮೇಲೆ 2022ರ ರೈಜೆನ್ 7 5800ಎಕ್ಸ್3ಡಿಯನ್ನು ಹೊತ್ತು ನಡೆಸಿದವು.

ಸೆರಗು ಬಿಡಿಸಿ ನೋಡಬೇಕಾದದ್ದು ಬೇರೆಯೇ ಇದೆ. ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ಭಾಗ ಗಟ್ಟಿಯಾಗಿದೆಯೆ, ಅದರ ಮೇಲೆ ಶಾಖ ಹೀರುವ ಲೋಹದ ಹೊದಿಕೆ ಇದೆಯೆ? ಮೆಮೊರಿಗೆ ಎರಡು ಸ್ಲಾಟೋ ನಾಲ್ಕೋ? ವೈಫೈ ಉಂಟೆ? ಬಿ650 ಎಂಬ ಒಂದೇ ಹೆಸರಿನಡಿಯಲ್ಲಿ ಹೊದಿಕೆಯಿಲ್ಲದ ಬಡಪಾಯಿಯೂ ಇದೆ, ಪುಷ್ಟವಾದದ್ದೂ ಇದೆ. ಇದನ್ನು ಡಬ್ಬದ ಮುಂಭಾಗದಲ್ಲಿ ಅಚ್ಚುಮಾಡಲು ತಯಾರಕರಿಗೆ ಏನು ಕಷ್ಟ? ಎಕ್ಸ್ ಅಕ್ಷರವನ್ನು ಮಾತ್ರ ಅಂಗೈಯಗಲ ಹಾಕುತ್ತಾರೆ. ಕೊಟೇಶನ್ ಕೊಡುವಾಗ ಅಂಗಡಿಯವರು ಈ ನಾಲ್ಕು ಸಾಲು ಬರೆದುಕೊಡಲಿ. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳದ ನಮಗೇ ಛೀಮಾರಿ ಸಲ್ಲಬೇಕು.

ಮರುಶನಿವಾರ ನಾಲ್ಕು ಮೆಮೊರಿ ಸ್ಲಾಟಿನ, ಹೊದಿಕೆ ದಪ್ಪವಾಗಿರುವ ಬಿ650 ತಂದೆವು. ಈಗ ಮಗ ಕೂತರೆ ಏಳುವುದಿಲ್ಲ. ಉಳಿದ ಹಣದಲ್ಲಿ ಒಂದು ಪಾಲನ್ನು ಮೆಮೊರಿ ನುಂಗಿತು. 2025ರ ಕೊನೆಯಲ್ಲಿ ಡಿಡಿಆರ್5 ಬೆಲೆ ಏರಿದ ಪರಿ ಅಂಥದ್ದು. ಮಿಕ್ಕದ್ದು ರೈಲಿಗೆ.