ಬರಿಗಾಲಿಗೂ ಒಂದಿಷ್ಟು ಮಣ್ಣು ಉಳಿಯಲಿ

2021ರ ನವೆಂಬರ್‌ನಲ್ಲಿ ತುಳಸಿ ಗೌಡ, ಹರೇಕಳ ಹಾಜಬ್ಬ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ಪಡೆದಾಗ ನಾವೆಲ್ಲ ಆ ಫೋಟೊ ಹಂಚಿಕೊಂಡೆವು. ಬರಿಗಾಲಿಗೆ ಅಷ್ಟು ಗೌರವ ಕೊಟ್ಟ ನಾವು, ಅದನ್ನಿಡಲು ನೆಲ ಉಳಿಸಿಕೊಂಡಿದ್ದೇವೆಯೇ?

ಮಳೆ ಬಿದ್ದ ಮರುದಿನ ದೇವನಹಳ್ಳಿ ಸುತ್ತಲಿನ ಯಾವುದಾದರೂ ರಾಗಿ ಹೊಲಕ್ಕೆ ಚಪ್ಪಲಿ ಬಿಟ್ಟು ಇಳಿಯಿರಿ. ಕೆಮ್ಮಣ್ಣು ಬೆರಳ ಸಂದಿಗೆ ನುಗ್ಗುತ್ತದೆ, ಅಂಗಾಲು ತಂಪಾಗುತ್ತದೆ. ಉಬ್ಬುತಗ್ಗಿನ ಬದುವಿನ ಮೇಲೆ ನಡೆದರೆ ಬಿಗಿ ಶೂನೊಳಗೆ ಸುಮ್ಮನಿರುವ ಪಾದದ ಸಣ್ಣ ಸ್ನಾಯುಗಳಿಗೂ ಕೆಲಸ ಸಿಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಮಾತ್ರ ಇದು ಬೇಡ, ಗಾಯವಾದರೂ ಗೊತ್ತಾಗುವುದಿಲ್ಲ. ಕಾಸಿಲ್ಲದೆ, ಇಲ್ಲವೇ ಜಾತಿಯ ಕಾರಣಕ್ಕೆ ಊರೊಳಗೆ ಚಪ್ಪಲಿ ಮೆಟ್ಟಲು ಬಿಡದೆ ಬರಿಗಾಲಲ್ಲಿ ನಡೆದವರ ನೋವನ್ನೂ ನಾವು ಸುಖವೆನ್ನುತ್ತಿಲ್ಲ. ಬೇಕೆಂದು ಬಿಟ್ಟಾಗಲೇ ಅದು ಸುಖ.

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಎಷ್ಟೋ ಹೊಲಗಳು ಲೇಔಟ್ ಆದವು. ಕಾಲುದಾರಿಗೆ ಡಾಂಬರು ಬಿತ್ತು, ಬದುವಿನ ಜಾಗದಲ್ಲಿ ಕಾಂಪೌಂಡು ಎದ್ದಿತು. ಉಳಿದ ಖಾಲಿ ಸೈಟಿನಲ್ಲಿ ಬಾಟಲಿ ಚೂರು.

ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಪಟ್ಟು ಬಿಡದೆ ಕೂತಿದ್ದರಿಂದ, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಅವರು ಹೋರಾಡಿದ್ದು ಅನ್ನಕ್ಕಾಗಿ. ಹಾಗೆ ಉಳಿಯುವ ನೆಲದಲ್ಲಿ ಮಕ್ಕಳ ಬರಿಗಾಲಿಗೂ ಜಾಗವಿದೆ.

ಮಿಕ್ಕ ಊರುಗಳಲ್ಲಿ ನಾವು ಕೇಳುವುದು ಇಷ್ಟೇ: ಪ್ರತಿ ಪಂಚಾಯಿತಿ ಒಂದು ಮೈದಾನವನ್ನಾದರೂ ಕಾಂಕ್ರೀಟ್ ಹಾಕದೆ, ಗಾಜು ಬೀಳದಂತೆ, ಮಣ್ಣಾಗಿಯೇ ಕಾಯಲಿ.