ಮಾರಿಯೊ ಬದಲಾಗಿಲ್ಲ, ಅಳಿವೆ ಬದಲಾಗಿದೆ

ನಲವತ್ತು ದಾಟಿದ ನಾಲ್ಕು ಮಂದಿ ಒಂದೆಡೆ ಕೂತರೆ ಮಾತು ಬೇಗನೆ ‘ಆಗಿನ ಕಾಲ’ದ ಕಡೆ ಹೊರಳುತ್ತದೆ. ಚೆನ್ನೈನ ಉತ್ತರ ಅಂಚಿನ ಎಣ್ಣೂರಿನಲ್ಲಿ ಆ ಮಾತಿಗೆ ಎರಡು ಕವಲು. ಆಗಿನ ವಿಡಿಯೊ ಗೇಮ್‌ಗಳ ಮಜಾ ಈಗಿನವಕ್ಕಿಲ್ಲ ಎನ್ನುವುದು ಒಂದು, ಆಗ ಅಳಿವೆಯಲ್ಲಿ ಸಿಗುತ್ತಿದ್ದ ಮೀನು, ಸಿಗಡಿ ಈಗಿಲ್ಲ ಎನ್ನುವುದು ಇನ್ನೊಂದು. ಎರಡಕ್ಕೂ ಒಂದೇ ನಿಟ್ಟುಸಿರು. ಹಳೆಯ ಆಟಗಳನ್ನು ಇಂದಿಗೂ ಬಿಡದೆ ಆಡುವ ನನಗೆ ಇಲ್ಲೊಂದು ಸಣ್ಣ ತಕರಾರಿದೆ. ಮೊದಲನೆಯ ಮಾತನ್ನು ಅರ್ಧ ನಂಬಿದರೆ ಸಾಕು. ಎರಡನೆಯದನ್ನು ದಾಖಲೆ ಹಿಡಿದು ಪೂರ್ತಿ ವಾದಿಸಬೇಕು. ಒಂದೇ ನಿಟ್ಟುಸಿರು ಎರಡಕ್ಕೂ ಸಾಲದು.

ಆಟದ ನೆನಪಿಗೆ ಒಂದು ವಿಶೇಷ ಸೌಲಭ್ಯವಿದೆ: ಅದನ್ನು ಒರೆಗೆ ಹಚ್ಚಬಹುದು. ಅಜ್ಜಿಯ ಕೈಯ ಸಾರು ನಿಜಕ್ಕೂ ಅಷ್ಟು ರುಚಿಯಾಗಿತ್ತೇ ಎಂದು ಇಂದು ಪರೀಕ್ಷಿಸುವ ದಾರಿಯಿಲ್ಲ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಹಾಗಲ್ಲ. ಇಡೀ ಆಟ 40 ಕಿಲೊಬೈಟ್. ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಫೋಟೊ ಅದಕ್ಕಿಂತ ಭಾರ. ನಲವತ್ತು ವರ್ಷಗಳಲ್ಲಿ ಅದರ ಒಂದು ಚುಕ್ಕಿಯೂ ಕದಲಿಲ್ಲ. ಅದೇ ಅಣಬೆ, 400ರಿಂದ ಇಳಿಯುವ ಅದೇ ಗಡಿಯಾರ, ಜಾಗ ಉಳಿಸಲೆಂದು ಬಣ್ಣ ಮಾತ್ರ ಬದಲಿಸಿ ಮೋಡಕ್ಕೂ ಪೊದೆಗೂ ಬಳಸಿದ ಅದೇ ಚಿತ್ರ. ಇವತ್ತು ರಾತ್ರಿ ಆಡಲು ಕೂತು ಅರ್ಧ ಗಂಟೆಗೇ ಆಕಳಿಕೆ ಬಂದರೆ, ಬದಲಾದದ್ದು ಆಟ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಪಾಲಿಗೆ ಬಂದದ್ದು ಅಸಲಿ ನಿಂಟೆಂಡೊ ಕೂಡ ಅಲ್ಲ, ಅದರ ನಕಲು. ಟಿವಿಗೆ ಸಿಕ್ಕಿಸುವ ಪೆಟ್ಟಿಗೆ, ಎರಡು ರಿಮೋಟ್, ಹಳದಿ ಬಣ್ಣದ ಕ್ಯಾಸೆಟ್. ಚೆನ್ನೈ ಬೀಚ್ ರೈಲು ನಿಲ್ದಾಣದ ಎದುರಿನ ಬರ್ಮಾ ಬಜಾರ್, ಅಂದರೆ ಬರ್ಮಾದಿಂದ ಮರಳಿದ ತಮಿಳರಿಗಾಗಿ 1969ರಲ್ಲಿ ಹುಟ್ಟಿದ ಮಾರುಕಟ್ಟೆ, ಇಂಥ ಸಾಮಾನಿಗೆ ಹೆಸರುವಾಸಿ. ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ಉಳಿದ ಸಾಲುಗಳೆಲ್ಲ ಅದೇ ಆಟವನ್ನು ಬೇರೆ ಹಂತದಿಂದ ಶುರುಮಾಡಿಸುವ ಕಣ್ಕಟ್ಟು. ಈಗಿನ ಗೇಮ್ ಕಂಪನಿಗಳು ಮೋಸ ಮಾಡುತ್ತವೆ ಎಂದು ಸಿಟ್ಟಾಗುವ ನಾವು, ಬಾಲ್ಯದ ಆ ಮೋಸವನ್ನು ನಗುನಗುತ್ತ ನೆನೆಯುತ್ತೇವೆ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿದರೆ ಆಟ ಓಡುತ್ತದೆ ಎಂಬ ನಂಬಿಕೆಯೂ ಅಂಥದ್ದೇ. ಕೆಲಸ ಮಾಡುತ್ತಿದ್ದದ್ದು ತೆಗೆದು ಮತ್ತೆ ಸಿಕ್ಕಿಸುವುದು. ಉಸಿರಿನ ತೇವ ಪಿನ್ನುಗಳಿಗೆ ತುಕ್ಕು ತರಿಸುತ್ತಿತ್ತು, ಅಷ್ಟೆ.

‘ಆ ಆಟಗಳು ಕಷ್ಟವಾಗಿದ್ದವು, ತಾಳ್ಮೆ ಕಲಿಸಿದವು’ ಎನ್ನುವವರಿದ್ದಾರೆ. ಕಷ್ಟವಾಗಿದ್ದವು, ನಿಜ. ಆದರೆ ಆ ಕಷ್ಟಕ್ಕೆ ನೀತಿಬೋಧೆಗಿಂತ ವ್ಯಾಪಾರವೇ ಹೆಚ್ಚು ಕಾರಣ. ವಿಡಿಯೊ ಗೇಮ್ ಪಾರ್ಲರಿನ ಯಂತ್ರಕ್ಕೆ ನೀವು ಬೇಗ ಸೋತಷ್ಟೂ ಲಾಭ, ಮತ್ತೊಂದು ನಾಣ್ಯ ಬೀಳುತ್ತದೆ. ಮನೆಯ ಆಟಗಳೂ ಆ ಅಭ್ಯಾಸದಲ್ಲೇ ಹುಟ್ಟಿದವು. ಇಷ್ಟೇ ಇಷ್ಟು ಮೆಮೊರಿಯಲ್ಲಿ ತಿಂಗಳುಗಟ್ಟಲೆ ಆಡಿಸಬೇಕಾದರೆ ಮತ್ತೆ ಮತ್ತೆ ಸಾಯಿಸುವುದೇ ಸುಲಭದ ಉಪಾಯ. ತಾಳ್ಮೆಯ ಮಾತಿಗೆ ಬಂದರೆ, ‘ಕಾಂಟ್ರಾ’ದಲ್ಲಿ 30 ಜೀವ ಕೊಡುವ ಗುಟ್ಟಿನ ಬಟನ್ ಸಾಲು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿದ್ದ ಪೀಳಿಗೆ ನಮ್ಮದು. ಆ ಸಾಲನ್ನು ಮೊದಲು ರೂಪಿಸಿದವರು ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುವಾಗ ಅದು ಅವರಿಗೇ ಆಡಲಾಗದಷ್ಟು ಕಷ್ಟವಾಗಿತ್ತು. ಮಾಡಿದವರೇ ಅಡ್ಡದಾರಿ ಹಿಡಿದ ಮೇಲೆ ಮಕ್ಕಳಿಗೆ ತಾಳ್ಮೆಯ ಪಾಠ ಹೇಳಲು ನಮಗೆ ಸ್ವಲ್ಪ ಸಂಕೋಚವಿರಬೇಕು.

‘ಬೀದಿಗೊಂದು ಟಿವಿ, ಎಲ್ಲರೂ ಕೂಡಿ ಆಡುತ್ತಿದ್ದೆವು’ ಎಂಬ ಮಾತಿಗೆ ನಾನೂ ಕರಗುತ್ತೇನೆ. ಆದರೆ ರಿಮೋಟ್ ಇದ್ದದ್ದು ಎರಡೇ. ಒಂದು ಟಿವಿಯ ಮನೆಯ ಹುಡುಗನ ಕೈಯಲ್ಲಿ, ಇನ್ನೊಂದು ಅವನ ಜೊತೆ ಜಗಳವಾಡದವನ ಕೈಯಲ್ಲಿ. ಅಕ್ಕತಂಗಿಯರ ಸರದಿ ಬರುವ ಹೊತ್ತಿಗೆ ಅಡುಗೆಮನೆಯಿಂದ ಕರೆ ಬರುತ್ತಿತ್ತು. ಆ ದಿನಗಳನ್ನು ಕೊಂಡಾಡುವ ದನಿಗಳಲ್ಲಿ ಹೆಚ್ಚಿನವು ರಿಮೋಟ್ ಹಿಡಿದವರದ್ದೇ. ನೋಡುತ್ತ ಕೂತವರನ್ನು ಕೇಳಿದರೆ ಬೇರೆ ಕಥೆ ಸಿಗಬಹುದು.

ಹಾಗೆಂದು ಹಳೆಯ ದಿನಗಳನ್ನು ಕೊಂಡಾಡುವವರ ವಾದವೆಲ್ಲ ಹುಸಿಯಲ್ಲ. ಕ್ಯಾಸೆಟ್ಟನ್ನು ಗೆಳೆಯನಿಗೆ ಕೊಟ್ಟು ಅವನದ್ದನ್ನು ತರಬಹುದಿತ್ತು. ನಡುವೆ ಆಟ ನಿಲ್ಲಿಸಿ ದುಡ್ಡು ಕೇಳುವವರಿರಲಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಹಾವಳಿ ಎಲ್ಲಿಗೆ ಮುಟ್ಟಿತೆಂದರೆ, 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸಿ ಕಾನೂನು ಮಾಡಬೇಕಾಯಿತು. ಆದರೆ ಇದು ವ್ಯವಹಾರದ ಷರತ್ತುಗಳ ಮೇಲಿನ ದೂರು, ಆಟಗಳ ಗುಣದ ಮೇಲಿನದ್ದಲ್ಲ. ಕಳ್ಳ ಕ್ಯಾಸೆಟ್ ಕೊಳ್ಳುತ್ತಿದ್ದ ನಾಡಿನಲ್ಲಿ ಬೆಂಗಳೂರಿನ ಗೇಮ್ ಕಂಪನಿ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿತು; 2020ರಲ್ಲಿ ಪುಣೆಯ ತಂಡವೊಂದು ‘ರಾಜಿ’ಯಂಥ ಚೆಲುವಾದ ಆಟ ಮಾಡಿತು. ನಮ್ಮ ಬಾಲ್ಯದಲ್ಲಿ ಇದು ಕನಸಿಗೂ ಬಂದಿರಲಿಲ್ಲ.

ಇನ್ನು ಕೊಸಸ್ತಲೈಯಾರ್ ನದಿ ಕಡಲು ಸೇರುವ ಅಳಿವೆಯ ಮಾತು. ಇಲ್ಲಿ ಮತ್ತೆ ಚಾಲೂ ಮಾಡಿ ನೋಡುವ ಸೌಲಭ್ಯವಿಲ್ಲ, ನೆನಪನ್ನೂ ಪೂರ್ತಿ ನೆಚ್ಚುವಂತಿಲ್ಲ. ನಮ್ಮ ಬಾಲ್ಯದ ‘ಶುದ್ಧ’ ಎಣ್ಣೂರಿನಲ್ಲೂ ಚಿಮಣಿಗಳಿದ್ದವು. ಹಳೆಯ ಉಷ್ಣ ವಿದ್ಯುತ್ ಸ್ಥಾವರ 1970ರಲ್ಲೇ ಶುರುವಾಗಿ 2017ರವರೆಗೆ ನಡೆಯಿತು. ಆದರೆ ಅಳಿವೆಗೆ ಆದ ಕೇಡಿಗೆ ನಿಟ್ಟುಸಿರಿಗಿಂತ ಗಟ್ಟಿಯಾದ ದಾಖಲೆಗಳಿವೆ. ಬಳಿಕ ಬಂದ ಉತ್ತರ ಚೆನ್ನೈ ಸ್ಥಾವರದ ಹಾರುಬೂದಿ ಕೊಳವೆಗಳಿಂದ ಸೋರಿ ಅಳಿವೆಯ ತಳ ತುಂಬಿತು. 2017ರಲ್ಲಿ ಗಾಯಕ ಟಿ.ಎಂ. ಕೃಷ್ಣ ಅದೇ ಬೂದಿಯ ನಡುವೆ ನಿಂತು ‘ಚೆನ್ನೈ ಪೊರಂಬೋಕ್ಕು ಪಾಡಲ್’ ಹಾಡಿದರು. 2022ರಲ್ಲಿ ಹಸಿರು ನ್ಯಾಯಮಂಡಳಿ ಈ ಬೂದಿಯ ಬಗ್ಗೆ ತೀರ್ಪು ಕೊಟ್ಟಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದ ಜೊತೆ ಮಣಲಿ ಕೈಗಾರಿಕಾ ಪ್ರದೇಶದ ಕಡೆಯಿಂದ ತೈಲ ಹರಿದು ಬಂದು ದೋಣಿ, ಬಲೆಗಳಿಗೆ ಮೆತ್ತಿತು. ಅದೇ ತಿಂಗಳ 26ರ ರಾತ್ರಿ ಅಮೋನಿಯಾ ಸೋರಿ ಎಣ್ಣೂರಿನ ಪೆರಿಯಕುಪ್ಪಂ ಜನ ಮನೆ ಬಿಟ್ಟು ಓಡಿದರು. ನೀರಿಗಿಳಿದು ಬರಿಗೈಯಲ್ಲಿ ಸಿಗಡಿ ಹಿಡಿಯುವ ಇರುಳ ಬುಡಕಟ್ಟಿನವರಿಗೆ ಇದು ದಿನದ ಕೂಲಿಯ ಪ್ರಶ್ನೆ.

ಆದ್ದರಿಂದಲೇ ಎರಡು ಕವಲುಗಳನ್ನು ಬೆರೆಸಬಾರದು ಎಂದದ್ದು. ಮಾರಿಯೊ, ಮಿಠಾಯಿ, ಮೀನು ಎಲ್ಲವೂ ಆಗ ಚೆನ್ನಾಗಿತ್ತು ಎಂದು ಒಟ್ಟಿಗೆ ಗೋಳಾಡಿದರೆ, ಅಳಿವೆಗೆ ಉತ್ತರ ಕೊಡಬೇಕಾದವರ ಕೆಲಸ ಹಗುರವಾಗುತ್ತದೆ. ‘ವಯಸ್ಸಾದವರು ಹೀಗೇ’ ಎಂದು ನಕ್ಕು ಕಡತ ಮುಚ್ಚಬಹುದು. ‘ಆಗ’ ಎಂದವರನ್ನು ಯಾವ ವರ್ಷ, ಏನು ಹಾಳಾಯಿತು, ಹಾಳುಮಾಡಿದವರು ಯಾರು ಎಂದು ಕೇಳಬೇಕು. ಮಾರಿಯೊನ ಮೇಲಿನ ದೂರು ಈ ಮೂರು ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ. ಅಳಿವೆಯ ಮೇಲಿನದ್ದು ನಿಲ್ಲುತ್ತದೆ, ಮತ್ತು ಅದನ್ನು ಹೇಳಬೇಕಾದ ಜಾಗ ಟೀ ಅಂಗಡಿಯ ಹರಟೆಯಲ್ಲ, ಕೈಗಾರಿಕೆಗಳ ಪರಿಸರ ಅನುಮತಿಗೆ ಮುನ್ನ ನಡೆಯುವ ಸಾರ್ವಜನಿಕ ವಿಚಾರಣೆ.